ಎಬ್ಬಿಸಬಾರದ ದೇವರು

ವಿಜಯವಾಡದಿಂದ ತಿಂಗಳಿಗೊಮ್ಮೆ ಬರುತ್ತಿದ್ದ ತೆಲುಗು ಮಕ್ಕಳ ಪತ್ರಿಕೆಯೊಂದರಲ್ಲಿ ನಿದ್ರೆ ಮಾಡುವ ದೇವರ ಧಾರಾವಾಹಿ ಬರುತ್ತಿತ್ತು. ಈ ಲೋಕವೆಲ್ಲ ಅವನು ಕಾಣುತ್ತಿರುವ ಕನಸು. ಆ ಕನಸಿನೊಳಗೆ ಅವನೇ ಒಬ್ಬ ಸಾಧಾರಣ ಮನುಷ್ಯನಾಗಿ ಓಡಾಡಿಕೊಂಡಿದ್ದಾನೆ, ತಾನು ದೇವರೆಂಬುದು ಅವನಿಗೇ ಗೊತ್ತಿಲ್ಲ. ಅವನು ಯಾರೆಂದು ಒಬ್ಬರು ಗುರುತಿಸಿಬಿಟ್ಟರೆ, ಆಮೇಲೆ ಅವನನ್ನು ಯಾರೂ ಎಬ್ಬಿಸಬಾರದು. ತಾನಾಗಿ ಎದ್ದರೆ ಸರಿ. ಎಬ್ಬಿಸಿದರೆ ಲೋಕವೆಲ್ಲ ನೀರಿಗೆ ಬಿದ್ದ ಉಪ್ಪಿನಂತೆ ಕರಗಿಹೋಗುತ್ತದೆ.

ತೊಂಬತ್ತರ ದಶಕದ ಮಧ್ಯ. ವಿಶಾಖಪಟ್ಟಣದಲ್ಲಿ ಉಕ್ಕಿನ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ನಮ್ಮ ಮನೆ. ನನಗೆ ಒಂಬತ್ತು, ಅಕ್ಕನಿಗೆ ಹನ್ನೆರಡು. ಇಬ್ಬರಿಗೂ ಕನ್ನಡ ಓದಲು ಬರುತ್ತಿರಲಿಲ್ಲ, ತೆಲುಗು ಮಾತ್ರ ನೀರು ಕುಡಿದಷ್ಟು ಸುಲಭ. ಪ್ರತಿ ಕಂತಿನ ಕೊನೆಯಲ್ಲಿ ಆ ಮನುಷ್ಯನ ಒಂದು ಗುರುತು ಕೊಡುತ್ತಿದ್ದರು. ಊರೆಲ್ಲ ಎಚ್ಚರವಿದ್ದಾಗ ಅವನು ಮಲಗುತ್ತಾನೆ. ಬೆಂಕಿಯ ಹತ್ತಿರ ಕೆಲಸ ಮಾಡುತ್ತಾನೆ. ಮೂರನೆಯ ಗುರುತು ಬಂದ ದಿನ ಅಕ್ಕ ಪತ್ರಿಕೆ ಮಡಚಿ ಪಿಸುಗುಟ್ಟಿದಳು: "ಊರಿನವರ ಮಾತೇ ಬೇರೆ, ಅವನು ನಿದ್ದೇಲಿ ಆಡೋ ಮಾತೇ ಬೇರೆಯಂತೆ. ಗೊತ್ತಾಯ್ತೇನೇ?"

ಗೊತ್ತಾಯಿತು. ನಮ್ಮಪ್ಪ ರಾತ್ರಿ ಪಾಳಿ ಮುಗಿಸಿ ಬಂದು, ಕಿಟಕಿಗೆ ಒದ್ದೆ ಟವೆಲ್ ಕಟ್ಟಿ ಹಗಲೆಲ್ಲ ಮಲಗುತ್ತಿದ್ದರು. ಕುಲುಮೆಯ ಹತ್ತಿರ ಅವರ ಕೆಲಸ. ಎಚ್ಚರವಿದ್ದಾಗ ಎಲ್ಲರ ಹೆಸರಿಗೂ ಮರ್ಯಾದೆಯ 'ಗಾರು' ಸೇರಿಸಿ ತೆಲುಗು ಮಾತಾಡುವ ಮನುಷ್ಯ, ನಿದ್ದೆಯಲ್ಲಿ ಅಪ್ಪಟ ಮಂಡ್ಯದ ಕನ್ನಡದಲ್ಲಿ ಯಾರನ್ನೋ ಬೈಯುತ್ತಿದ್ದರು. ಪಾಳಿ ಮುಗಿಸಿ ಮಲಗಿದವರನ್ನು ಕೂಗಿ ಎಬ್ಬಿಸುವ ಪದ್ಧತಿಯೂ ನಮ್ಮ ಮನೆಯಲ್ಲಿರಲಿಲ್ಲ. ಪಾದ ಮುಟ್ಟಿ ಮೆಲ್ಲಗೆ ಅಲ್ಲಾಡಿಸಬೇಕು. ದೇವರೆನ್ನಲು ಇನ್ನೇನು ಬೇಕು? ನನಗಂತೂ ಅನುಮಾನವೇ ಉಳಿಯಲಿಲ್ಲ.

ಮಾರನೆಯ ದಿನವೇ ಅಪ್ಪನಿಗೆ ಬಡ್ತಿಯ ಇಂಟರ್‌ವ್ಯೂ, ಮಧ್ಯಾಹ್ನ ಎರಡಕ್ಕೆ. ನಮಗೆ ಬೇಸಿಗೆ ರಜೆ. ಅಮ್ಮ ಅಕ್ಕನನ್ನು ಕರೆದುಕೊಂಡು ಗಾಜುವಾಕದ ಟೈಲರ್ ಹತ್ತಿರ ಹೊರಟಳು.

"ಹನ್ನೆರಡೂವರೆಗೆ ಅಪ್ಪನ್ನ ಎಬ್ಸು. ಮರ್ತ್‌ಬಿಟ್ಟೀಯ, ಹುಷಾರು!"

ಮರೆಯುವುದೆಲ್ಲಿ ಬಂತು? ಹನ್ನೆರಡೂವರೆಗೆ ಸರಿಯಾಗಿ ಅಪ್ಪನ ಕಾಲ ಬಳಿ ನಿಂತಿದ್ದೆ. ಕೈ ಮುಂದೆ ಹೋಗಲಿಲ್ಲ. ಮುಟ್ಟಿದರೆ ಗಾಜುವಾಕದ ಬೀದಿಯಲ್ಲಿ ಅಮ್ಮ, ಅಕ್ಕ ನಿಂತ ಕಡೆಯೇ ಇಲ್ಲವಾಗುತ್ತಾರೆ. ಮುಟ್ಟದಿದ್ದರೆ ಬಡ್ತಿ ಹೋಗುತ್ತದೆ. ಅಮ್ಮನಿಗಿಂತ ಬಡ್ತಿ ದೊಡ್ಡದೇ? ಹೋಗಿ ಬಾಗಿಲಲ್ಲಿ ಕಾವಲು ಕೂತೆ. ಒಂದು ಗಂಟೆಗೆ ಪಕ್ಕದ ಮನೆಯ ಆಂಟಿ ಬಂದು, "ನಾನ್ನಗಾರು ಲೇಚಾರಾ, ಅಮ್ಮಾ?" ಎಂದು ಅಪ್ಪ ಎದ್ದರೇ ಅಂತ ವಿಚಾರಿಸಿದರು. ಎದ್ದರು, ಸ್ನಾನ ಮಾಡುತ್ತಿದ್ದಾರೆ ಎಂದು ತೆಲುಗಿನಲ್ಲೇ ಹಸಿ ಸುಳ್ಳು ಹೇಳಿದೆ.

ಒಂದೂಕಾಲಿಗೆ ಅಕ್ಕನ ಜೊತೆ ಅಮ್ಮ ಬಂದಳು. ಅಪ್ಪ ಇನ್ನೂ ಮಲಗಿದ್ದನ್ನು ನೋಡಿದವಳೇ "ಅಯ್ಯೋ ಮನೆಹಾಳಿ!" ಎನ್ನುತ್ತ ಒಳಗೆ ನುಗ್ಗಿ, ಪದ್ಧತಿಯನ್ನೆಲ್ಲ ಮರೆತು ಅವರ ಭುಜ ಹಿಡಿದು ಅಲುಗಾಡಿಸಿದಳು. ನಾನು ಅಕ್ಕನ ಲಂಗ ಹಿಡಿದುಕೊಂಡು ಕಣ್ಣು ಮುಚ್ಚಿದೆ.

ಬಚ್ಚಲಲ್ಲಿ ಬಕೆಟ್ಟಿಗೆ ನೀರು ಬೀಳುವ ಸದ್ದು ಕೇಳಿಸಿತು. ಅಮ್ಮ ಬೈಯುತ್ತಲೇ ಇದ್ದಳು. ಲಂಗ ಕೈಯಲ್ಲೇ ಇತ್ತು, ಅದರೊಳಗೆ ಅಕ್ಕನೂ ಇದ್ದಳು. ಬೈಗುಳ ಅಷ್ಟು ಹಿತವಾಗಿ ನನಗೆ ಮತ್ತೆಂದೂ ಕೇಳಿಸಿಲ್ಲ. ಅಪ್ಪ ಒದ್ದೆ ತಲೆಯಲ್ಲೇ ಸ್ಕೂಟರ್ ಹತ್ತಿ, ಎರಡಕ್ಕೆ ಐದು ನಿಮಿಷವಿರುವಾಗ ಇಂಟರ್‌ವ್ಯೂಗೆ ತಲುಪಿದರಂತೆ.

ಸಂಜೆ ಅಳುತ್ತ ಎಲ್ಲ ಒಪ್ಪಿಕೊಂಡೆ. ಅಪ್ಪ ನಗುತ್ತಾರೆಂದುಕೊಂಡಿದ್ದೆ, ನಗಲಿಲ್ಲ. ಅಮ್ಮ ಅಡುಗೆಮನೆಯಲ್ಲಿರುವುದನ್ನು ಖಾತ್ರಿ ಮಾಡಿಕೊಂಡು ನನ್ನನ್ನು ಹತ್ತಿರ ಕೂರಿಸಿಕೊಂಡರು.

"ನಂಗೆ ಹನ್ನೆರಡಕ್ಕೇ ಎಚ್ಚರ ಆಗಿತ್ತು ಕಣವ್ವ. ನೀನು ಬಂದು ನಿಂತಿದ್ದೂ ಗೊತ್ತು, ಆಂಟಿಗೆ ಸುಳ್ಳು ಹೇಳಿದ್ದೂ ಕೇಳಿಸ್ತು. ಎರಡು ಸಲ ಹೋಗಿ ಆಗಲ್ಲ ಅನ್ನಿಸ್ಕೊಂಡು ಬಂದಿದ್ದೆ. ಮೂರನೇ ಸಲ ಹೋಗೋಕೆ ಭಯ ಆಯ್ತು. ನೀನು ಎಬ್ಬಿಸ್ಲಿಲ್ವಲ್ಲ, ಸದ್ಯ ಅಂತ ಕಣ್ಮುಚ್ಕೊಂಡು ಬಿದ್ದಿದ್ದೆ."

ಇಂಟರ್‌ವ್ಯೂ ಮಾಡುವ ಆಫೀಸರುಗಳಿಗೆ ಹೆದರುವವನು ದೇವರಾಗುವುದು ಸಾಧ್ಯವೇ ಇಲ್ಲ. ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು. ಇನ್ನು ಇವರನ್ನು ಧಾರಾಳವಾಗಿ ಎಬ್ಬಿಸಬಹುದು. ಆದರೆ ಅಪ್ಪನಿಗೂ ಭಯವಾಗುತ್ತದೆ ಎಂಬುದು ನನಗೆ ಹೊಸದು, ಪಾಪ ಅನ್ನಿಸಿತು.

"ಇವತ್ತು ಏನಂದ್ರು?" ಎಂದು ಕೇಳಿದೆ.

"ಇನ್ನೂ ಹೇಳಿಲ್ಲ."

"ಈ ಸಲವೂ ಆಗಲ್ಲ ಅಂದ್ರೆ, ಮುಂದಿನ ಸಲ ನಾನೇ ಎಬ್ಬಿಸ್ತೀನಿ. ಅಲ್ಲೀವರೆಗೂ ಜೊತೇಲಿ ಬರ್ತೀನಿ."

ಅಪ್ಪ "ಬಾರವ್ವ," ಎಂದರು.