ಮೊದಲ ಬೆಂಚಿನ ಮಾವ

ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ತರಗತಿಯ ಮೊದಲ ಬೆಂಚಿನಲ್ಲಿ ಕೂರುವ ಐವತ್ತರ ವೈರ್‌ಮನ್‌ನನ್ನು ಹುಡುಗ ಹುಡುಗಿಯರೆಲ್ಲ ಮಾವ ಎಂದೇ ಕರೆಯುತ್ತಾರೆ. ಪದವಿಗೆ ಪಾಸಾಗಬೇಕಾದ ವಿಷಯಗಳ ಪಟ್ಟಿಯನ್ನು ಅವನು ಮಗಳ ಲಗ್ನಪತ್ರಿಕೆಯಂತೆ ಸಿಕ್ಕಸಿಕ್ಕವರಿಗೆಲ್ಲ ತೋರಿಸುತ್ತಾನೆ. ಲ್ಯಾಬಿನಲ್ಲಿ ಮೋಟಾರು ಕೆಮ್ಮಿದರೆ ಸಾಕು, ಮೀಟರು ಮುಟ್ಟದೆಯೇ ಕಾಯಿಲೆ ಹೇಳುತ್ತಾನೆ. ಗಣಿತದ ಮುಂದೆ ಮಾತ್ರ ಅವನ ಫ್ಯೂಸು ಹಾರಿಹೋಗುತ್ತದೆ. ಆಗಲೇ ಎರಡು ಸಲ ಡುಮ್ಕಿ ಹೊಡೆದಿದ್ದಾನೆ, ಈ ಸಲವೂ ಗಣಿತ ಕೈಕೊಟ್ಟರೆ ಮುಂದಿನ ವರ್ಷಕ್ಕೆ ಪ್ರವೇಶವಿಲ್ಲ. “ಈ ವಯಸ್ಸಲ್ಲಿ ಯಾಕ್ರೀ ಈ ಒದ್ದಾಟ?” ಎಂದು ಹೆಂಡತಿ ರೇಗಿದರೆ, “ಇಂಟಿಗ್ರೇಷನ್ ಅರ್ಧ ಒಲಿದಿದೆ ಕಣೇ, ಇನ್ನರ್ಧಕ್ಕೆ ನೀನು ದೇವರಿಗೆ ಹೇಳು” ಎಂದು ಹಿಗ್ಗುತ್ತಲೇ ಲೆಕ್ಕಕ್ಕೆ ಕೂರುತ್ತಾನೆ. ಅವನು ಬರೆದ ಪ್ರತಿ ಹಾಳೆಯ ಬಲಮೂಲೆಯಲ್ಲಿ ಸ್ಕೇಲಿಟ್ಟು ಎಳೆದ ಒಂದು ಖಾಲಿ ಚೌಕವಿರುತ್ತದೆ. ಗಣಿತದ ಮೇಡಂ ಒಮ್ಮೆ ಅದೇನೆಂದು ಕೇಳಿದರು. “ನಕ್ಷೇಲಿ ಇಂಜಿನಿಯರು ಸಹಿ ಹಾಕೋ ಜಾಗ ಮೇಡಂ,” ಎಂದ. “ಮೂವತ್ತು ವರ್ಷದಿಂದ ವೈರಿಂಗ್ ನಂದು, ಸಹಿ ಬೇರೆಯವರ್ದು. ಪಾಸಾಗೋವರೆಗೂ ಖಾಲಿ ಬಿಟ್ಟಿರ್ತೀನಿ.” ಮನೆಗೆ ಹೊರಟಿದ್ದ ಮೇಡಂ ಪಕ್ಕದ ಕುರ್ಚಿ ಎಳೆದುಕೊಂಡು, ಅವನು ತಪ್ಪು ಮಾಡಿದ್ದ ಲೆಕ್ಕವನ್ನು ಮೊದಲಿನಿಂದ ಶುರುಮಾಡಿದರು.