ಪೊಟ್ಟಣದ ಮೇಲೆ ಎರಡು ಹೆಸರು

ಬೆಳಗಿನ ಆರು ಗಂಟೆ. ಆಸ್ಪತ್ರೆಯ ಔಷಧ ವಿಭಾಗದ ಕಿಟಕಿ ಇನ್ನೂ ಪೂರ್ತಿ ತೆರೆದಿಲ್ಲ. ಒಳಗೆ ಐವತ್ತೆರಡರ ಫಾರ್ಮಸಿಸ್ಟ್ ಆಗಲೇ ಪೆನ್ನು ಹಿಡಿದಿದ್ದಾರೆ. ವಾರ್ಡುಗಳಿಗೆ ಹೋಗುವ ಒಂದು ಬಗೆಯ ಆಂಟಿಬಯಾಟಿಕ್ ಮಾತ್ರೆಯ ಒಂದೊಂದು ಪೊಟ್ಟಣದ ಮೇಲೂ, ಕಂಪನಿಯ ಹೆಸರಿನ ಕೆಳಗೆ ದಪ್ಪಗೆ ಬರೆಯುತ್ತಾರೆ: ಅಮಾಕ್ಸಿಸಿಲಿನ್, ಕ್ಲಾವುಲನಿಕ್ ಆಮ್ಲ. ಅದರಡಿ ಕೆಂಪಿನಲ್ಲಿ, 'ಇದು ಪೆನಿಸಿಲಿನ್ ಜಾತಿ'. ದಿನಕ್ಕೆ ನೂರರ ಮೇಲೆ. ನರ್ಸುಗಳ ಬಾಯಲ್ಲಿ ಇವರು 'ಕೆಂಪಕ್ಷರದ ಅಕ್ಕ'. ಮೊದಲು ಗೇಲಿಗೆ, ಈಗ ರೂಢಿಗೆ.

ಒಂದು ಮಾತ್ರೆಯಲ್ಲಿ ಎರಡು ಔಷಧ ಯಾಕೆ? "ರೋಗಾಣು ಈಗ ಕಿಲಾಡಿ. ಮೊದಲನೇದನ್ನ ಮುರಿದುಹಾಕುತ್ತೆ. ಎರಡನೇದು ಅದರ ಕೈ ಕಟ್ಟುತ್ತೆ. ಹೊಡೆಯೋದು ಒಂದು, ಕಾಯೋದು ಒಂದು" ಎನ್ನುತ್ತಾರೆ. ನೆಗಡಿಗೆಲ್ಲ ಇದನ್ನು ಕೇಳಿಕೊಂಡು ಬರುವವರನ್ನು ಮುಲಾಜಿಲ್ಲದೆ ವಾಪಸ್ ಕಳಿಸುತ್ತಾರೆ.

ಒಂಬತ್ತು ವರ್ಷದ ಹಿಂದೆ ಹಲ್ಲುನೋವೆಂದು ಬಂದ ಸ್ವಂತ ತಂಗಿಗೆ ಈ ಮಾತ್ರೆ ಕೊಟ್ಟವರು ಇವರೇ. ತಂಗಿಗೆ ಪೆನಿಸಿಲಿನ್ ಆಗುವುದಿಲ್ಲವೆಂದು ಮನೆಮಂದಿಗೆಲ್ಲ ಗೊತ್ತಿತ್ತು. ಪೊಟ್ಟಣದ ಮೇಲಿದ್ದದ್ದು ಮಾತ್ರ ಹೊಸದೊಂದು ಮುದ್ದಾದ ಹೆಸರು. ಒಳಗಿನ ಔಷಧಗಳ ಹೆಸರು ಇರುವೆಯಂಥ ಅಕ್ಷರಗಳಲ್ಲಿ. ಅರ್ಧ ಗಂಟೆಯಲ್ಲಿ ತಂಗಿಯ ಗಂಟಲು ಊದಿ ಉಸಿರು ಕಟ್ಟಿತು. ಐದು ದಿನ ಉಸಿರಾಟದ ಯಂತ್ರದ ಮೇಲಿದ್ದು ಬದುಕಿದಳು.

"ಅಕ್ಷರ ಸಣ್ಣದಿತ್ತು ಅಂತ ನೆಪ ಹೇಳಲ್ಲ. ಓದೋದೇ ನನ್ನ ಕೆಲಸ. ನಾನು ಓದಲಿಲ್ಲ."

ಅಂದಿನಿಂದ ಬರೆಯುತ್ತಿದ್ದಾರೆ. ಸರದಿ ಉದ್ದವಾಗುತ್ತದೆ, ರೋಗಿಗಳು ಹೆದರುತ್ತಾರೆ ಎಂದು ಆಡಳಿತಾಧಿಕಾರಿ ಕಳೆದ ವರ್ಷ ಇದನ್ನು ನಿಲ್ಲಿಸಲು ಲಿಖಿತ ಆದೇಶ ಕೊಟ್ಟರು. ಅಕ್ಕ ಸಹಿ ಹಾಕಿ ಆದೇಶ ಪಡೆದುಕೊಂಡು, ಸಹಿಯ ಕೆಳಗೇ 'ನಿಲ್ಲಿಸುವುದಿಲ್ಲ' ಎಂದು ಬರೆದರು.

ಅದೇ ತಿಂಗಳು ಹಿರಿಯ ಶಸ್ತ್ರಚಿಕಿತ್ಸಕರೊಬ್ಬರು ಒಬ್ಬ ಬಡಗಿಗೆ ಇದೇ ಮಾತ್ರೆ ಬರೆದಿದ್ದರು. ಆತನಿಗೆ ಪೆನಿಸಿಲಿನ್ ಆಗದೆಂದು ಫೈಲಿನಲ್ಲಿತ್ತು. ಫೋನು ಮಾಡಿದರೆ ಡಾಕ್ಟರು ಎತ್ತಲಿಲ್ಲ. ಅಕ್ಕ ಕಿಟಕಿ ಮುಚ್ಚಿ, ನಾಲ್ಕು ಮಹಡಿ ಹತ್ತಿ, ವಾರ್ಡಿನಲ್ಲೇ ಅವರನ್ನು ತಡೆದು ನಿಲ್ಲಿಸಿದರು. ನನಗೇ ಪಾಠ ಹೇಳಲು ಬಂದಿರಾ ಎಂದು ಡಾಕ್ಟರು ಎಲ್ಲರೆದುರು ಗದರಿದರು.

"ಪಾಠ ಅಲ್ಲ ಸರ್. ಫೈಲಿನ ಮೊದಲನೇ ಪುಟ ಓದಿ. ಓದಿದ ಮೇಲೂ ಬೇಕು ಅಂದ್ರೆ ನಿಮ್ಮ ಕೈಯಾರೆ ನುಂಗಿಸಿ. ನಾನಂತೂ ಕೊಡಲ್ಲ."

ಡಾಕ್ಟರು ಓದಿದರು. ಚೀಟಿಯ ಮೇಲೆ ಅಡ್ಡಗೀಟು ಎಳೆದು ಬೇರೆ ಔಷಧ ಬರೆದುಕೊಟ್ಟರು. ಬಡಗಿ ವಾರದೊಳಗೆ ಮನೆಗೆ ನಡೆದ.

ಕೆಲಸದ ಜಾಗ ಬಿಟ್ಟು ಹೋದದ್ದಕ್ಕೆ ಕ್ಷಮಾಪಣೆ ಪತ್ರ ಕೊಟ್ಟರೆ ವಿಷಯ ಮುಗಿಸುವುದಾಗಿ ಕಚೇರಿ ಈಗಲೂ ಹೇಳಿಕಳಿಸುತ್ತಿದೆ. ಕೊಡುತ್ತೀರಾ ಎಂದು ನಾನು ಕೇಳಿದೆ. ಅಕ್ಕ ಮುಂದಿನ ಪೊಟ್ಟಣ ಎತ್ತಿಕೊಂಡರು.

"ತಪ್ಪು ಮಾಡಿದಾಗ ಕ್ಷಮೆ ಕೇಳಿದ್ದೀನಿ. ಸರಿ ಮಾಡಿದ್ದಕ್ಕೆ ಕೇಳಲ್ಲ."