ಬೇರಕ್ಕನವರೂ ನಮ್ಮೂರ ಗುಡ್ಡವೂ

ಸಾರ್ವಜನಿಕ ಜಮೀನಿನ ರಕ್ಷಣೆಯೆಂದರೆ ಬೇಲಿ, ಫಲಕ ಮತ್ತು ಕಾವಲುಗಾರ ಎಂದು ನಂಬಿಕೊಂಡಿದ್ದ ನಮ್ಮ ಇಲಾಖೆಗೆ, ಅದು ನೆಲದ ಮೇಲೆ ಕೂತು ಮಾಡಬೇಕಾದ ಕೆಲಸ ಎಂದು ತೋರಿಸಿಕೊಟ್ಟವರು, ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಮೇಲ್ವಿಚಾರಕಿಯವರು. ಕಳೆಗಿಡಗಳ ಬಗ್ಗೆ ಬಲ್ಲವರು ಬಹಳ ಮಂದಿ ಇದ್ದಾರೆ. ಕಳೆ ಕೀಳಲು ಒಂದು ಊರನ್ನೇ ಕರೆತಂದು ಹದಿನೆಂಟು ವರ್ಷ ಕೂರಿಸಿದವರು ನಾನು ಕಂಡಂತೆ ಇವರೊಬ್ಬರೇ. ಊರಿನವರು ಅವರನ್ನು ಬೇರಕ್ಕ ಎನ್ನುತ್ತಾರೆ. ಅವರ ಕಚೇರಿಯಲ್ಲಿ ನಕ್ಷೆ ಬರೆಯುವ ನಾನು ಬೆನ್ನ ಹಿಂದೆ ಮಾತ್ರ ಹಾಗೆ ಅನ್ನುತ್ತಿದ್ದೆ. ಇಂದು ಎದುರಿಗೇ ಅನ್ನುವ ಧೈರ್ಯ ಮಾಡಿದ್ದೇನೆ.

ಅವರು ಬಂದಾಗ ಬಸ್ ಡಿಪೋ ಹಿಂದಿನ ಗುಡ್ಡವನ್ನು ಲಂಟಾನವೆಂಬ ಮುಳ್ಳುಪೊದೆಯ ಕಳೆ ನುಂಗಿಹಾಕಿತ್ತು. ಕಾಲುದಾರಿಗಳು ನನ್ನ ನಕ್ಷೆಯಲ್ಲಿ ಇದ್ದವೇ ಹೊರತು ನೆಲದ ಮೇಲೆ ಇರಲಿಲ್ಲ. ಮೊದಲ ಭಾನುವಾರ ಬಂದವರು ಮೂರೇ ಜನ: ಹೊಲಿಗೆ ಅಂಗಡಿಯ ಅಮ್ಮ, ನಿವೃತ್ತ ಬಸ್ ಚಾಲಕರೊಬ್ಬರು, ಮತ್ತು ಬೇರೆ ದಾರಿಯಿಲ್ಲದೆ ನಾನು. ಕುಡುಗೋಲು ಹಿಡಿದು ದಟ್ಟ ಪೊದೆಯ ಮೇಲೆ ಏರಿಹೋದ ನಮ್ಮನ್ನು ಅವರು ವಾಪಸು ಕರೆದು, ಗುಡ್ಡದ ಅಂಚಿನಲ್ಲಿ ಹುಲ್ಲು ಇನ್ನೂ ಚೆನ್ನಾಗಿದ್ದ ಕಡೆ ಕೂರಿಸಿದರು. ಅಲ್ಲಿನ ನಾಲ್ಕಾರು ಕಳೆಗಳನ್ನು ಮೊದಲು ಕೀಳಬೇಕು, ಆ ಜಾಗವನ್ನು ಹುಲ್ಲು ತಾನೇ ತುಂಬಿಕೊಂಡ ಮೇಲೆ ಮಾತ್ರ ಒಂದು ಹೆಜ್ಜೆ ಒಳಗೆ ಹೋಗಬೇಕು ಎಂಬುದು ಅವರ ಪದ್ಧತಿ. ಸಂಜೆ ಪ್ರತಿಯೊಬ್ಬರೂ ಕಿತ್ತ ಗಿಡದ ಬೇರನ್ನು ಅವರಿಗೆ ತೋರಿಸಬೇಕಿತ್ತು. ತುಂಡಾಗಿದ್ದರೆ ಉಳಿದರ್ಧ ಹುಡುಕಲು ಮತ್ತೆ ಹೋಗಬೇಕಿತ್ತು. ತಮ್ಮ ಹಲ್ಲನ್ನು ಡಾಕ್ಟರೂ ಇಷ್ಟು ಜೋಪಾನವಾಗಿ ಕಿತ್ತಿರಲಿಲ್ಲ ಎಂದು ಚಾಲಕರು ಗೊಣಗುತ್ತಿದ್ದರು, ಆದರೆ ಒಂದು ಭಾನುವಾರವೂ ತಪ್ಪಿಸಲಿಲ್ಲ.

ಕಟ್ಟುನಿಟ್ಟಿನ ಅವರಲ್ಲಿ ಮರುಕಕ್ಕೆ ಬರವಿರಲಿಲ್ಲ. ನನ್ನ ತಾಯಿ ಆಸ್ಪತ್ರೆಯಲ್ಲಿದ್ದ ಎರಡು ವಾರ ನನ್ನ ಮೇಜಿನಲ್ಲಿ ಕೂತು ನನ್ನ ನಕ್ಷೆಗಳನ್ನು ಪೆನ್ಸಿಲಿನಲ್ಲಿ ಮುಗಿಸಿ, ಸಹಿಯ ಜಾಗವನ್ನು ನನಗಾಗಿ ಖಾಲಿ ಬಿಟ್ಟಿದ್ದರು. ಆ ವಿಷಯವನ್ನು ಅವರು ಇಂದಿನವರೆಗೂ ಎತ್ತಿಲ್ಲ.

ಏಳನೆಯ ವರ್ಷ ಮೇಲಿನಿಂದ ಪತ್ರ ಬಂತು. ಪರಿಶೀಲನಾ ಸಮಿತಿ ಬರುತ್ತದೆ. ಗುಡ್ಡ ಸುಧಾರಿಸಿಲ್ಲವೆಂದು ಕಂಡರೆ ಬೇಲಿ ಹಾಕಿ ಖಾಸಗಿ ಕಂಪನಿಗೆ ಮೂವತ್ತು ವರ್ಷ ಗುತ್ತಿಗೆ ಕೊಡಲಾಗುತ್ತದೆ, ಊರಿನವರು ಕಾಲಿಡುವಂತಿಲ್ಲ. ಅರ್ಧ ಗುಡ್ಡ ಇನ್ನೂ ಲಂಟಾನದ ಕೈಯಲ್ಲೇ ಇತ್ತು. ಬೇರಕ್ಕನವರು ತರಬೇತಿಗೆಂದು ನಾಲ್ಕು ದಿನ ಹೊರಗೆ ಹೋಗಿದ್ದರು. ನನಗೆ ಬುದ್ಧಿ ಕೆಟ್ಟಿತು. ಅವರ ಪರವಾಗಿ ನಾನೇ ಸಹಿ ಹಾಕಿ, ಮಣ್ಣು ತೆಗೆಯುವ ಯಂತ್ರ ತರಿಸಿ, ಎರಡೇ ದಿನದಲ್ಲಿ ಇಳಿಜಾರನ್ನು ಬೋಳು ಮಾಡಿಸಿದೆ. ಯುದ್ಧ ಗೆದ್ದವನಂತೆ ಮನೆಗೆ ಹೋಗಿ ಗಡದ್ದಾಗಿ ಮಲಗಿದೆ.

ಆಮೇಲೆ ಮಳೆ ಬಂತು. ಮಗುಚಿದ ಮಣ್ಣಿನಲ್ಲಿದ್ದ ಬೀಜವೆಲ್ಲ ಒಟ್ಟಿಗೆ ಮೊಳೆತು, ಸಮಿತಿ ಬಂದ ದಿನ ಇಳಿಜಾರಿನಲ್ಲಿ ಕಾಲಿಡಲೂ ಜಾಗವಿಲ್ಲದಂತೆ ಲಂಟಾನದ ಸಸಿಗಳಿದ್ದವು. ಇಳಿಜಾರಿನ ಒಂದು ಬದಿಯಲ್ಲಿ ನಾಲ್ಕು ವರ್ಷ ಕಾದು ಬರಿಸಿದ ಹುಲ್ಲೂ ಯಂತ್ರದ ಗಾಲಿಯಡಿ ಹೋಗಿತ್ತು. ಇದನ್ನು ಮಾಡಿದವರು ಯಾರು ಎಂದು ಸಮಿತಿಯ ಹಿರಿಯರು ಕೇಳಿದರು. ಬೇರಕ್ಕನವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ನಮ್ಮ ಕಚೇರಿ ಮಾಡಿದ್ದು ಅಂದ್ರೆ ನಾನು ಮಾಡಿದ್ದು. ತಪ್ಪಾಗಿದೆ. ಎರಡು ವರ್ಷ ಕೊಡಿ, ಸರಿ ಮಾಡ್ತೀವಿ."

ಇಷ್ಟನ್ನು ಕೀಳುವವರು ಯಾರು ಎಂದು ಆ ಹಿರಿಯರು ಮತ್ತೆ ಕೇಳುವಷ್ಟರಲ್ಲಿ, ಏಳು ವರ್ಷದಲ್ಲಿ ಮೂವರಿಂದ ಎಪ್ಪತ್ತಾಗಿ, ಅಂದು ಹಿಂದೆ ನಿಂತಿದ್ದ ಭಾನುವಾರದ ಜನ ಯಾರೂ ಹೇಳದೆಯೇ ಅಂಚಿನ ಹುಲ್ಲಿನ ಬಳಿ ಸಾಲಾಗಿ ಕೂತು ಕೀಳತೊಡಗಿದ್ದರು. ಚಾಲಕರು, ಶಾಲೆಯ ಟೀಚರು, ತರಕಾರಿ ಮಾರುವವರು, ಯಾರೂ ತಲೆ ಎತ್ತಲಿಲ್ಲ. ನಾನೂ ನಾಚಿಕೆಯಿಂದ ಸಾಲಿನ ತುದಿಗೆ ಹೋಗಿ ಕೂತೆ. ಸಮಿತಿ ಎರಡು ವರ್ಷ ಕೊಟ್ಟಿತು. ಅದು ಮುಗಿದಾಗ ಗುಡ್ಡ ಊರಿನವರಿಗೇ ಉಳಿಯಿತು. ಬೇರಕ್ಕನವರಿಗೆ ಬರಬೇಕಿದ್ದ ಬಡ್ತಿ ಮಾತ್ರ ಬರಲೇ ಇಲ್ಲ.

ಎಲ್ಲರ ಮುಂದೆ ತಪ್ಪೊಪ್ಪಿಕೊಳ್ಳುತ್ತೇನೆ ಎಂದು ನಾನು ಅಂದೇ ಹೊರಟಿದ್ದೆ. ಜನ ನನ್ನನ್ನು ಬೈಯುತ್ತಾ ಕೂತರೆ ಕೆಲಸ ನಿಲ್ಲುತ್ತದೆ, ಆದ್ದರಿಂದ ತಾವು ಸೇವೆಯಲ್ಲಿರುವಷ್ಟು ದಿನ ಬಾಯಿ ಬಿಡಕೂಡದು ಎಂದು ಅವರು ಅಪ್ಪಣೆ ಮಾಡಿದರು. ಹನ್ನೊಂದು ವರ್ಷ ಪಾಲಿಸಿದೆ. ಈ ಲೇಖನ ಬರೆಯಲು ಕೂತಾಗ ಸುಳ್ಳು ಬರೆಯಲು ಕೈ ಬರಲಿಲ್ಲವಾಗಿ, ಕಳೆದ ಭಾನುವಾರ ಅವರು ದೂರದಲ್ಲಿದ್ದ ಸಮಯ ನೋಡಿ ಸಾಲಿನಲ್ಲಿದ್ದವರಿಗೆಲ್ಲ ಹೇಳಿಬಿಟ್ಟೆ. ಪಕ್ಕದಲ್ಲಿದ್ದ ಹೊಲಿಗೆ ಅಂಗಡಿಯ ಅಮ್ಮ ಕೈ ನಿಲ್ಲಿಸಲಿಲ್ಲ.

"ಯಂತ್ರ ಓಡಿಸಿದ್ದು ನನ್ನ ಮೈದುನ ಅಲ್ವಾ. ಅವತ್ತು ಸಂಜೆನೇ ಎಲ್ಲರಿಗೂ ಗೊತ್ತಾಯ್ತು. ಅಕ್ಕ ಮನೆಮನೆಗೂ ಬಂದು, ನಿಮ್ಮ ಮುಂದೆ ಯಾರೂ ಈ ಮಾತು ಎತ್ತಬಾರದು ಅಂದ್ರು. ಎತ್ತಲಿಲ್ಲ."

ಹನ್ನೊಂದು ವರ್ಷ ಇವರೆಲ್ಲ ನನ್ನ ಪಕ್ಕ ಕೂತಿದ್ದರು, ಬುತ್ತಿ ಹಂಚಿಕೊಂಡಿದ್ದರು, ನನ್ನ ಮಗಳ ಮದುವೆಗೆ ಬಂದಿದ್ದರು.

ಬೇರಕ್ಕನವರಿಗೆ ಆಯುಸ್ಸು, ಆರೋಗ್ಯ, ಗಟ್ಟಿ ಮೊಣಕಾಲು ಇವೆಲ್ಲ ತುಂಬಿ ಬರಲಿ. ಕಚೇರಿಯ ಕುರ್ಚಿಗೆ ನಿವೃತ್ತಿಯ ವಯಸ್ಸು ಉಂಟು, ಭಾನುವಾರದ ಸಾಲಿಗೆ ಇಲ್ಲ ಎಂದು ತಿಳಿಸುವಂತೆ ಊರಿನವರು ನನಗೆ ಹೇಳಿಕಳಿಸಿದ್ದಾರೆ. ಬೇರಕ್ಕನವರ ಪಕ್ಕದಲ್ಲಿ ನನಗೂ ಒಂದು ಜಾಗ ಬಿಟ್ಟಿದ್ದಾರಂತೆ.